ಬರೀ ಸಿನಿಮಾ ಹಾಡಿಗಲ್ಲ
ಮಡಿಕೇರಿ ಆಕಾಶವಾಣಿಯ ಬಗ್ಗೆ ಬಂದ ಲೇಖನದಲ್ಲಿ, ಅದನ್ನು ಜನ ಕೇಳುತ್ತಿದ್ದುದು ಸಿನಿಮಾ ಹಾಡಿಗೆ ಮಾತ್ರ ಅಂತ ಇದೆ. ಇದನ್ನು ನಾನು ಒಪ್ಪಲ್ಲ. 1993ರಲ್ಲಿ ಕೇಂದ್ರ ಶುರುವಾದ ಮೇಲೆ ಅಲ್ವಾ ಕೊಡಗಿನ ಆಡುಮಾತುಗಳಾದ ಕೊಡವ, ಅರೆಭಾಷೆಯ ಹಾಡುಗಳು ನಮ್ಮ ರೇಡಿಯೋದಲ್ಲಿ ಬರತೊಡಗಿದ್ದು? ದುಡಿ ಎಂಬ ಪುಟ್ಟ ಚರ್ಮವಾದ್ಯದ ಸದ್ದು ಕೇಳಿದರೆ ಸಾಕು, ಕಣದಲ್ಲಿ ಕಾಫಿ ಹರಡುತ್ತಿದ್ದ ಅಜ್ಜಿ ಸೌಂಡು ಜಾಸ್ತಿ ಮಾಡಿಸಿ ತಾವೂ ದನಿಗೂಡಿಸುತ್ತಿದ್ದರು. ಮದುವೆಯಲ್ಲಿ, ಪುತ್ತರಿ ಸುಗ್ಗಿ ಹಬ್ಬದಲ್ಲಿ ದುಡಿ ಹಿಡಿದು ಹಾಡುವ ಆ ಹಾಡುಗಳು ಕ್ಯಾಸೆಟ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ.

ಗುಡ್ಡ ಅಡ್ಡ ಬಂದರೆ ಎಫ್‌ಎಂ ಸರಿಯಾಗಿ ಸಿಗಲ್ಲ. ನಮ್ಮ ಕಣಿವೆಯಲ್ಲಿ ಮಡಿಕೇರಿ ಕೇಂದ್ರದ 103.1 ಹಿಡಿಯಲು ಏರಿಯಲ್ ಪೂರ್ತಿ ಎಳೆದು ರೇಡಿಯೋವನ್ನು ಕಿಟಕಿಗೆ ಒರಗಿಸಿ ಇಡಬೇಕಿತ್ತು. ಇಷ್ಟು ಒದ್ದಾಡಿದವರು ಸುಮ್ನೆ ಹೊತ್ತು ಕಳೆಯಲು ಕೇಳಿದವರಲ್ಲ. ಹಳೇ ಧ್ವನಿಮುದ್ರಣಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡಬೇಕು, ಲೇಖನದಲ್ಲಿ ಆ ಬೇಡಿಕೆಯೂ ಇರಬೇಕಿತ್ತು.