ಪ್ರೂಫ್‌ಗೆ ಸಹಿ ಬಿದ್ದ ಮೇಲೆ ಫೈಲು ಯಾರದ್ದು?

ಹೋದ ತಿಂಗಳು ಹೊಸ ಕ್ಲೈಂಟ್ ಒಬ್ಬರು ಫೋನ್ ಮಾಡಿ, "ಮೇಡಂ, ಫಿಗ್ಮಾ ಫೈಲಿಗೆ ಎಡಿಟ್ ಆಕ್ಸೆಸ್ ಕೊಟ್ಬಿಡಿ. ಸಣ್ಣಪುಟ್ಟದ್ದು ನಾವೇ ಮಾಡ್ಕೋತೀವಿ, ನಿಮಗ್ಯಾಕೆ ತೊಂದರೆ?" ಅಂದರು. ಫಿಗ್ಮಾ ಅಂದರೆ ನಾವು ಆ್ಯಪ್ ಡಿಸೈನ್ ಮಾಡುವ ಸಾಫ್ಟ್‌ವೇರು. ಕೊಡಲ್ಲ ಸರ್ ಅಂದೆ. ಅವರಿಗೆ ಬೇಜಾರಾಯ್ತು. "ದುಡ್ಡು ಕೊಡೋರು ನಾವು, ಫೈಲು ನೀವು ಇಟ್ಕೊಳ್ಳೋದಾ?" ಅಂತ ನಗುತ್ತಲೇ ಚುಚ್ಚಿದರು. ಪ್ರಶ್ನೆ ನ್ಯಾಯವಾದದ್ದೇ. ಫೋನಿನಲ್ಲಿ ಸರಿಯಾಗಿ ಉತ್ತರ ಕೊಡೋಕಾಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ನಾನು ಡಿಸೈನ್ ಕಲಿತದ್ದು ಕಾಲೇಜಿನಲ್ಲಲ್ಲ, ಚಿತ್ರದುರ್ಗದಲ್ಲಿ ನಮ್ಮ ಸೋದರಮಾವನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಕೋರೆಲ್ ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರು, ಕನ್ನಡಕ್ಕೆ ನುಡಿ ಫಾಂಟು, ಆಗಾಗ ಹೋಗುವ ಕರೆಂಟು. ಫೈಲು ಬೇರೆಯವರಿಗೆ ಕಳಿಸುವ ಮುಂಚೆ ಎರಡು ಕೆಲಸ ತಪ್ಪುವ ಹಾಗಿಲ್ಲ: ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ (ಫಾಂಟಿನ ಹಂಗಿಲ್ಲದ ಗೆರೆಚಿತ್ರಕ್ಕೆ) ಕನ್ವರ್ಟ್ ಮಾಡಬೇಕು, ಕೋರೆಲ್‌ನ ಹಳೇ ವರ್ಷನ್ನಿಗೆ ಸೇವ್ ಮಾಡಬೇಕು. ಮೊದಲನೆಯದು ಮರೆತರೆ, ನುಡಿ ಇಲ್ಲದ ಕಂಪ್ಯೂಟರಿನಲ್ಲಿ "ಶುಭವಿವಾಹ" ಹೋಗಿ ಕೊಂಬು ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತಿತ್ತು. ಎರಡನೆಯದು ಮರೆತರೆ ಫೈಲೇ ಓಪನ್ ಆಗುತ್ತಿರಲಿಲ್ಲ. ಫೋಲ್ಡರಿನಲ್ಲಿ "ಲಗ್ನಪತ್ರಿಕೆ ಫೈನಲ್", "ಫೈನಲ್ 2", "ಫೈನಲ್ ಇದೇ" ಅಂತ ಮೂರು ಮೂರು ಫೈಲು.

ಆದರೆ ಮಾವನ ಹತ್ತಿರ ಒಂದು ಗಟ್ಟಿ ಪದ್ಧತಿ ಇತ್ತು. ಪ್ರೂಫ್, ಅಂದರೆ ಅಚ್ಚಿಗೆ ಹೋಗುವ ಮುಂಚಿನ ಮಾದರಿ ಹಾಳೆ, ತೆಗೆದು ಹೆಣ್ಣಿನ ತಂದೆ ಮುಂದೆ ಇಡೋದು, ಕೆಂಪು ಪೆನ್ನು ಕೊಡೋದು, ತಿದ್ದಿ ಮುಗಿದ ಮೇಲೆ ಅದೇ ಹಾಳೆಯ ಮೇಲೆ ಸಹಿ ಮತ್ತು ತಾರೀಖು. ಮಾರನೇ ದಿನ ಚಿಕ್ಕಪ್ಪನೋ ಭಾವನೋ ಬಂದು, "ಸುಖಾಗಮನ ಬಯಸುವವರು" ಸಾಲಿನಲ್ಲಿ ನಮ್ಮ ಮನೆಯವರ ಹೆಸರು ಬಿಟ್ಟುಹೋಗಿದೆ ಅಂತ ಗಲಾಟೆ ಮಾಡೋದು ಗ್ಯಾರಂಟಿ. ಮಾವ ದನಿ ಏರಿಸುತ್ತಿರಲಿಲ್ಲ. ಸಹಿ ಬಿದ್ದ ಹಾಳೆ ತೋರಿಸಿ, "ಸೇರಿಸೋಣ ಯಜಮಾನ್ರೇ, ಅದಕ್ಕೇನಂತೆ. ಸಹಿ ಮಾಡಿದವರನ್ನೇ ಕರ್ಕೊಂಡು ಬನ್ನಿ, ಹೊಸ ಪ್ರೂಫ್ ತೆಗೀತೀನಿ" ಅನ್ನೋರು. ಅರ್ಧಕ್ಕರ್ಧ ಗಲಾಟೆ ಅಲ್ಲೇ ಮುಗೀತಿತ್ತು.

ಆಮೇಲೆ ಬೆಂಗಳೂರು, ಆ್ಯಪ್ ಡಿಸೈನು, ಫಿಗ್ಮಾ. 2016ರಲ್ಲಿ ಎಲ್ಲರಿಗೂ ಸಿಗುವಂತಾದ ಈ ಸಾಫ್ಟ್‌ವೇರು ಬ್ರೌಸರಿನಲ್ಲೇ ನಡೆಯುತ್ತೆ. ಒಂದೇ ಫೈಲಿನಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಕೆಲಸ ಮಾಡಬಹುದು, ಒಬ್ಬೊಬ್ಬರ ಕರ್ಸರ್ ಪಕ್ಕ ಅವರವರ ಹೆಸರು ಓಡಾಡುತ್ತಿರುತ್ತೆ. ಮೊದಲ ಸಲ ನೋಡಿದಾಗ ಮಾವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದ್ದೆ. ಅವರು ಎರಡು ನಿಮಿಷ ನೋಡಿ, "ಎಲ್ಲ ಸರಿ, ಪ್ರೂಫ್ ಯಾವಾಗ ತೆಗೀತೀರಿ?" ಅಂತ ಕೇಳಿದ್ದರು. ಹಳೇ ಕಾಲದವರು ಅಂತ ನಕ್ಕಿದ್ದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಬಟನ್ನಿನ ಬಣ್ಣ ನಾನು, ಅಳತೆ ನೀವು ಒಂದೇ ಹೊತ್ತಿಗೆ ಬದಲಿಸಿದರೆ ಎರಡೂ ಉಳಿಯುತ್ತೆ. ಇಬ್ಬರೂ ಬಣ್ಣವನ್ನೇ ಬದಲಿಸಿದರೆ, ಸರ್ವರಿಗೆ ಯಾರದ್ದು ಕೊನೆಗೆ ಮುಟ್ಟಿತೋ ಅದು ನಿಲ್ಲುತ್ತೆ. ಅಷ್ಟೇ. "ಇಬ್ಬರೂ ಮುಟ್ಟಿದ್ದೀರಿ, ಯಾರದ್ದು ಇಟ್ಟುಕೊಳ್ಳಲಿ" ಅಂತ ಕೇಳೋದಿಲ್ಲ. ಡ್ರಾಪ್‌ಬಾಕ್ಸಿನಲ್ಲಿ ಫೈಲು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ "ಕಾನ್‌ಫ್ಲಿಕ್ಟೆಡ್ ಕಾಪಿ" ಅಂತ ಇನ್ನೊಂದು ಫೈಲು ಹುಟ್ಟಿಕೊಂಡು ನಮ್ಮ ಹೊಟ್ಟೆ ಉರಿಸುತ್ತಿತ್ತು, ನಿಜ. ಆದರೆ ಜಗಳ ಆಗಿದೆ ಅನ್ನೋದಾದರೂ ಗೊತ್ತಾಗುತ್ತಿತ್ತು. ಇಲ್ಲಿ ಜಗಳ ಆದದ್ದೇ ಗೊತ್ತಾಗಲ್ಲ.

ಎರಡು ವರ್ಷದ ಹಿಂದೆ ನಾನು ಮಾಡಿಕೊಂಡ ಎಡವಟ್ಟು ಹೇಳ್ತೀನಿ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರುವ ಆ್ಯಪ್. ಇಂಗ್ಲಿಷಿನಲ್ಲಿ "ನೆಕ್ಸ್ಟ್" ಅಂತ ನಾಲ್ಕಕ್ಷರ ಇರೋ ಬಟನ್ನು, ಕನ್ನಡದಲ್ಲಿ "ಮುಂದುವರಿಯಿರಿ" ಆಗುತ್ತೆ. ಕನ್ನಡದಲ್ಲಿ ಡಿಸೈನ್ ಮಾಡುವವರಿಗೆಲ್ಲ ಇದು ದಿನನಿತ್ಯದ ಗೋಳು: ಪದ ಅಗಲಕ್ಕೆ ಹಿಗ್ಗುತ್ತೆ, "ರಾಷ್ಟ್ರ", "ಸ್ತ್ರೀ" ಬಂದಲ್ಲಿ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತೆ, ಇಂಗ್ಲಿಷಿಗೆ ಇಟ್ಟ ಲೈನ್ ಹೈಟ್ (ಒಂದು ಸಾಲಿಗೆ ಬಿಡುವ ಎತ್ತರ) ಸಾಲಲ್ಲ. ಕ್ಲೈಂಟ್ ಅಕ್ಷರಕ್ಕೆ 16ರ ಅಳತೆ ಒಪ್ಪಿ, ಅವರಮ್ಮನ ಫೋನಿನಲ್ಲೂ ನೋಡಿ, ಸರಿ ಅಂದಿದ್ದರು. ಗುರುವಾರ ಸಂಜೆ ಹೊಸದಾಗಿ ಸೇರಿದ್ದ ಹುಡುಗ ಒಂದು ಸ್ಕ್ರೀನಿನಲ್ಲಿ ಆ ಪದ ಬಟನ್ನಿನಿಂದ ಆಚೆ ಚಾಚಿಕೊಂಡಿರೋದು ನೋಡಿ, ಅಕ್ಷರವನ್ನು 12ಕ್ಕೆ ಇಳಿಸಿದ. ಒಂದೇ ಬಟನ್ ಅಂದುಕೊಂಡಿದ್ದ. ಅವನು ಮುಟ್ಟಿದ್ದು ಮೇನ್ ಕಾಂಪೊನೆಂಟ್, ಅಂದರೆ ಉಳಿದ ಬಟನ್ನುಗಳೆಲ್ಲ ನಕಲು ಮಾಡುವ ಮೂಲ ಅಚ್ಚು. ಫೈಲಿನಲ್ಲಿದ್ದ ಅಷ್ಟೂ ಸ್ಕ್ರೀನುಗಳ ಅಷ್ಟೂ ಬಟನ್ನುಗಳು ಒಂದೇ ಉಸಿರಿಗೆ ಕುಗ್ಗಿದವು. ಅದೇ ರಾತ್ರಿ ಡೆವಲಪರ್ ಫೈಲು ತೆರೆದು 12 ನೋಡಿ ಕೋಡಿನಲ್ಲೂ 12 ಬರೆದ. ಸೋಮವಾರ ಕ್ಲೈಂಟ್ ಕನ್ನಡಕ ಮೇಲೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದರು.

ಹುಡುಗನನ್ನು ಬೈಯೋಕೆ ಬಾಯಿ ಬರಲಿಲ್ಲ. ಒಪ್ಪಿಗೆ ಆದ ಫೈಲಿಗೆ ಎಡಿಟ್ ಕೊಟ್ಟವಳು ನಾನೇ. ವರ್ಷನ್ ಹಿಸ್ಟರಿ ತೆರೆದರೆ ಫೈಲಿನ ಹಿಂದಿನ ರೂಪಗಳನ್ನು ಫಿಗ್ಮಾ ತಾನಾಗಿ ಉಳಿಸಿದ ಪಟ್ಟಿ ಇತ್ತು, ಬರೀ ಹೊತ್ತು ಮತ್ತು ಹೆಸರು. ಇದರಲ್ಲಿ ಕ್ಲೈಂಟ್ ಒಪ್ಪಿದ್ದು ಯಾವುದು? ಅದು ಎಲ್ಲೂ ಬರೆದಿರಲಿಲ್ಲ, ಯಾಕೆಂದರೆ ನಾವು ಬರೆದಿರಲಿಲ್ಲ. ಹಿಂದಿನದಕ್ಕೆ ಹಾಗೇ ರಿಸ್ಟೋರ್ ಒತ್ತಿದರೆ ಶುಕ್ರವಾರ, ಶನಿವಾರ ಬೇರೆಯವರು ಮಾಡಿದ ಕೆಲಸ ಕಣ್ಣಿಂದ ಮರೆಯಾಗುತ್ತೆ (ಅಳಿಸಿ ಹೋಗಲ್ಲ, ಹಿಸ್ಟರಿಯಲ್ಲಿ ಇರುತ್ತೆ, ಆದರೆ ಅದನ್ನು ಮತ್ತೆ ಹೆಕ್ಕಿ ತರಬೇಕು). ಹಾಗಾಗಿ ಹಳೇ ವರ್ಷನ್ನನ್ನು ಬೇರೆ ಫೈಲಾಗಿ ಡೂಪ್ಲಿಕೇಟ್ ಮಾಡಿ, ಪಕ್ಕಪಕ್ಕ ಇಟ್ಟುಕೊಂಡು, ಕೆಟ್ಟದ್ದನ್ನಷ್ಟೇ ಸರಿಮಾಡಿದೆ. ಅವತ್ತು ರಾತ್ರಿ ಮಾವನ ಪ್ರಶ್ನೆ ಅರ್ಥ ಆಯ್ತು. ಪೆನ್‌ಡ್ರೈವ್ ಕಾಲದಲ್ಲಿ ಫೈಲು ಕೈ ಬದಲಾಯಿಸುವಾಗ ಒಂದು ಗಳಿಗೆ ಎಲ್ಲರೂ ನಿಲ್ಲುತ್ತಿದ್ದೆವು. ಕ್ಲೌಡಿನ ಫೈಲಿಗೆ ಬಾಗಿಲು ಹಾಕುವ ಹೊತ್ತೇ ಇಲ್ಲ. ಆ ಹೊತ್ತನ್ನು ನಾವೇ ಮಾಡಿಕೊಳ್ಳಬೇಕು.

ಈಗ ನಮ್ಮಲ್ಲಿ ಪ್ರತಿ ಪ್ರಾಜೆಕ್ಟಿಗೆ ಎರಡು ಫೈಲು. ಒಂದರ ಹೆಸರು "ಅಡುಗೆಮನೆ", ಇನ್ನೊಂದು "ಪಂಕ್ತಿ". ಅಡುಗೆಮನೆಯಲ್ಲಿ ಸಿಪ್ಪೆ, ಹೊಗೆ, ಜಗಳ ಎಲ್ಲ ಇರುತ್ತೆ, ಟೀಮಿನವರೆಲ್ಲ ಎಡಿಟ್ ಮಾಡಬಹುದು. ಒಪ್ಪಿಗೆ ಆದದ್ದು ಮಾತ್ರ ಪಂಕ್ತಿಗೆ ಬರುತ್ತೆ. ಕ್ಲೈಂಟಿಗೂ ಡೆವಲಪರಿಗೂ ಪಂಕ್ತಿಯ ವ್ಯೂ ಲಿಂಕು. ನೋಡಬಹುದು, ಕಮೆಂಟ್ ಹಾಕಬಹುದು, ಬಡಿಸುವವರು ಮಾತ್ರ ಒಬ್ಬರೇ. ಎರಡು ಪೇಜ್ ಮಾಡಿದರೆ ಸಾಲದೇ ಅಂತ ಕೇಳ್ತಾರೆ. ಸಾಲದು. ಫೈಲಿಗೆ ಎಡಿಟ್ ಕೊಟ್ಟರೆ ಅದರ ಎಲ್ಲ ಪೇಜಿಗೂ ಕೊಟ್ಟ ಹಾಗೆ. ಬ್ರಾಂಚ್ ಮಾಡುವ (ಮೂಲ ಫೈಲು ಮುಟ್ಟದೆ ಪ್ರತ್ಯೇಕ ಕವಲಿನಲ್ಲಿ ಕೆಲಸ ಮಾಡಿ ಆಮೇಲೆ ಸೇರಿಸುವ) ಸೌಲಭ್ಯ ದೊಡ್ಡ ಕಂಪನಿಗಳ ದುಬಾರಿ ಪ್ಲಾನಿನಲ್ಲಿದೆ, ನಮ್ಮಂಥ ಐದು ಜನರ ಅಂಗಡಿಗೆ ಎಟುಕಲ್ಲ.

ಒಪ್ಪಿಗೆ ಆದ ಗಳಿಗೆಯಲ್ಲೇ ಕಂಟ್ರೋಲ್-ಆಲ್ಟ್-ಎಸ್ ಒತ್ತಿ ವರ್ಷನ್ನಿಗೆ ಹೆಸರು ಕೊಡ್ತೀವಿ: "ಒಪ್ಪಿಗೆ 1", ಯಾರು ಒಪ್ಪಿದರು, ಎಲ್ಲಿ (ಮೀಟಿಂಗಾ, ವಾಟ್ಸಾಪಾ). ಅದೇ ಸಹಿ. ಉಚಿತ ಪ್ಲಾನಿನಲ್ಲಿ ಹಿಸ್ಟರಿ 30 ದಿನದ್ದು ಮಾತ್ರ ಸಿಗುತ್ತೆ ಅನ್ನೋದನ್ನು ಫ್ರೀಲ್ಯಾನ್ಸ್ ಮಾಡುವ ಹುಡುಗರು ಗಮನಿಸಿ. ಪೇಮೆಂಟ್ ಬರೋಕೇ ಅದಕ್ಕಿಂತ ಜಾಸ್ತಿ ದಿನ ಆಗುತ್ತೆ.

ಫಾಂಟ್ ವಿಷಯ ಚಿಕ್ಕದಾಗಿ: ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುವ ಫಾಂಟ್ ಹಾಕಿದರೆ ಉಳಿದವರಿಗೆ ನೋಡೋವಾಗ ಚೆನ್ನಾಗೇ ಕಾಣುತ್ತೆ, ಒಂದು ಕಾಗುಣಿತ ತಿದ್ದಲು ಹೋದಾಗಲೇ "ಮಿಸ್ಸಿಂಗ್ ಫಾಂಟ್" ಅನ್ನುತ್ತೆ. ಗೂಗಲ್ ಫಾಂಟ್ಸ್‌ನ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಎಲ್ಲರಿಗೂ ಸಿಗುತ್ತೆ. ಹಂಚಿಕೊಳ್ಳುವ ಫೈಲಿಗೆ ಅವೇ ವಾಸಿ.

ಇನ್ನು ಬ್ಯಾಕಪ್. "ಕ್ಲೌಡಲ್ಲಿದೆಯಲ್ಲ" ಅನ್ನೋರಿಗೆ ಇನ್‌ವಿಷನ್ ನೆನಪಿಸ್ತೀನಿ. ಒಂದು ಕಾಲದಲ್ಲಿ ನಮ್ಮ ಕಸುಬಿನವರೆಲ್ಲ ಬಳಸುತ್ತಿದ್ದ ಸೇವೆ, 2024ರ ಕೊನೆಗೆ ಅಂಗಡಿ ಮುಚ್ಚಿತು. ಫಿಗ್ಮಾವನ್ನೇ 2022ರಲ್ಲಿ ಅಡೋಬಿ 2,000 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತ್ತು. ಯುರೋಪ್ ಮತ್ತು ಬ್ರಿಟನ್ನಿನ ನಿಯಂತ್ರಕರ ಆಕ್ಷೇಪದಿಂದ 2023ರ ಡಿಸೆಂಬರಿನಲ್ಲಿ ವ್ಯಾಪಾರ ಮುರಿದು, ಅಡೋಬಿಯೇ 100 ಕೋಟಿ ಡಾಲರ್ ತೆತ್ತು ಹೊರಬಂತು. ಆ ಹದಿನೈದು ತಿಂಗಳು ನಾಳೆ ನಮ್ಮ ಫೈಲು ಯಾರ ಮನೆಯಲ್ಲಿರುತ್ತೋ ಅಂತ ನಾವೆಲ್ಲ ಮಾತಾಡಿಕೊಂಡಿದ್ದೇ ಬಂತು. ಪ್ರಾಜೆಕ್ಟ್ ಮುಗಿದ ದಿನ ಒಂದು ಲೋಕಲ್ ಕಾಪಿ, ಒಂದು ಪಿಡಿಎಫ್ ತೆಗೆದಿಡಿ. ಲೋಕಲ್ ಕಾಪಿಯಲ್ಲಿ ಕಮೆಂಟೂ ಹಿಸ್ಟರಿಯೂ ಬರಲ್ಲ, ಮುಖ್ಯವಾದ ಕಮೆಂಟುಗಳ ಸ್ಕ್ರೀನ್‌ಶಾಟ್ ಬೇರೆ ಇಟ್ಟುಕೊಳ್ಳಿ.

ಇದೆಲ್ಲ ಮಾಡೋಕೆ ವಾರಕ್ಕೆ ಎರಡು ಮೂರು ಗಂಟೆ ಹಿಡಿಯುತ್ತೆ. ನಾನು ನೋಡಿದ ಆಫೀಸುಗಳಲ್ಲಿ ಈ ಕೆಲಸ ಟೀಮಿನ ಕಿರಿಯ ಹುಡುಗಿಯ ತಲೆಗೆ ಬರುತ್ತೆ, ಊಟ ಆದ ಮೇಲೆ ಎಲೆ ಎತ್ತುವ ಕೆಲಸದ ಹಾಗೆ. ಯಾರ ಲೆಕ್ಕದಲ್ಲೂ ಬರಲ್ಲ. ನಾನೀಗ ಕೊಟೇಶನ್ನಿನಲ್ಲೇ "ಫೈಲ್ ನಿರ್ವಹಣೆ" ಅಂತ ಒಂದು ಸಾಲು ಹಾಕ್ತೀನಿ. ಇಬ್ಬರು ಕ್ಲೈಂಟ್ ಅದನ್ನು ಹೊಡೆದುಹಾಕಿ ಅಂದರು, ಒಬ್ಬರು ಏನಿದು ಅಂತ ಕೇಳಿ ಒಪ್ಪಿಕೊಂಡರು.

ಮೊದಲು ಹೇಳಿದ ಕ್ಲೈಂಟ್ ಏನಾದರು ಅಂತ ಕೇಳಬಹುದು. ಮುನಿಸಿಕೊಂಡೇ ಪಂಕ್ತಿಯ ವ್ಯೂ ಲಿಂಕು ತೆರೆದರು. ಹತ್ತೇ ನಿಮಿಷಕ್ಕೆ ಮುಖಪುಟದ ಮೇಲೆ ಒಂದು ಕಮೆಂಟ್ ಬಿತ್ತು: "ಹಾರ್ಧಿಕ ಸ್ವಾಗತ ಅಂತ ಹಾಕಿದ್ದೀರಿ. ಅದು ಹಾರ್ದಿಕ ಅಲ್ವಾ ಮೇಡಂ?" ನಾವು ಮೂವರು ನೋಡಿ, ಹೆಸರು ಕೊಟ್ಟು, ಬೀಗ ಹಾಕಿಟ್ಟಿದ್ದ ವರ್ಷನ್ನು ಅದು. ತಿದ್ದಿ, "ಒಪ್ಪಿಗೆ 2" ಅಂತ ಸೇವ್ ಮಾಡಿ, ಒಪ್ಪಿದವರ ಜಾಗದಲ್ಲಿ ಅವರ ಹೆಸರನ್ನೇ ಬರೆದೆ.