ಪೆಟ್ಟಿಗೆ ಕಂಡ್ರೆ ಮಾನ ಹೋಗುತ್ತಾ?

ತೀರ್ಥಹಳ್ಳಿಯಿಂದ ಭಾವ ಮೊನ್ನೆ ವಿಡಿಯೋ ಕಾಲ್ ಮಾಡಿ ಹೊಸ ಮನೆ ತೋರಿಸ್ತಾ ಇದ್ರು. ಲೈಟು, ಗೇಟು, ತೋಟದ ಮೋಟ್ರು ಎಲ್ಲಾ ಫೋನಲ್ಲೇ ಆನ್ ಆಫ್ ಆಗ್ಬೇಕಂತೆ. ಅದರ ಸಾಮಾನೆಲ್ಲ ಎಲ್ಲಿ ಕೂರಿಸ್ತೀರಿ ಭಾವ ಅಂದಿದ್ದಕ್ಕೆ ವೈರಿಂಗ್ ಹುಡುಗ ಹಿಂದಿನಿಂದ್ಲೇ ಕೂಗಿದ, "ಫಾಲ್ಸ್ ಸೀಲಿಂಗ್ ಒಳಗೆ ಹಾಕ್ಬಿಡ್ತೀವಣ್ಣ, ಯಾರಿಗೂ ಕಾಣಲ್ಲ. ನೀವು ಜರ್ಮನಿಯವ್ರು ಈ ಸಾಮಾನು ಕೂರಿಸೋ ಪೆಟ್ಟಿಗೆಗೆ ಕೊಡೋ ದುಡ್ಡಲ್ಲಿ ಇಲ್ಲಿ ಒಂದು ಬಚ್ಚಲುಮನೆ ಏಳುತ್ತೆ." ಎಲ್ರೂ ನಕ್ರು, ನಾನೂ ನಕ್ಕೆ. ಆದ್ರೆ ನೀವು ಜರ್ಮನಿಯವ್ರು ಅಂದಿದ್ದು ಸ್ವಲ್ಪ ಚುಚ್ತು.

ಇಲ್ಲಿ ಸ್ಟುಟ್‌ಗಾರ್ಟ್ ಹತ್ರ ನಮ್ಮನೆಗೆ ವೈರಿಂಗ್ ಮಾಡೋಕೆ ಬಂದ ಮನುಷ್ಯ ಮೊದ್ಲು ಕೇಳಿದ್ದೇ ಯಾವ ಗೋಡೆ ಕೊಡ್ತೀರಿ ಅಂತ. ಸ್ವಿಚ್ಚಿನ ಮಾತು ಎಲ್ಲಾ ಆದ್ಮೇಲೆ. ಹಾಕಿಸಿದ್ದು ಕೆಎನ್‌ಎಕ್ಸ್, ಅಂದ್ರೆ ಸ್ವಿಚ್ಚು ದೀಪಗಳು ಕೇಬಲಿನಲ್ಲೇ ಸಂದೇಶ ಕಳಿಸಿಕೊಳ್ಳೋ ವ್ಯವಸ್ಥೆ; ಅದಕ್ಕೆ ಒಂದೊಂದು ದೀಪದ ವೈರೂ ಪೆಟ್ಟಿಗೆಗೇ ಬರುತ್ತೆ, ಸ್ವಿಚ್ಚಿಗೆ ಹೋಗೋದು 30 ವೋಲ್ಟಿನ ಹಸಿರು ಕೇಬಲ್ ಮಾತ್ರ, ಹಾಗಾಗಿ ಪೆಟ್ಟಿಗೆ ದೊಡ್ಡದೇ ಬೇಕು. ಒಳಗೆ ಸಾಮಾನು ಸಿಕ್ಕಿಸೋ 35 ಮಿಲಿಮೀಟರಿನ ಲೋಹದ ಪಟ್ಟಿ, ಡಿನ್ ರೈಲು ಅಂತಾರೆ, ಸಾಲಿಗೆ 12 ಮಾಡ್ಯೂಲ್, ಒಂದು ಮಾಡ್ಯೂಲ್ ಅಂದ್ರೆ ಸುಮಾರು 18 ಮಿಲಿಮೀಟರ್ ಅಗಲದ ಜಾಗ, ಲೋಡ್ ಜಾಸ್ತಿ ಆದ್ರೆ ಬೀಳೋ ಎಂಸಿಬಿ ಆಗ್ಲಿ, ಆನ್ ಆಫ್ ಮಾಡೋ ರಿಲೇ ಆಗ್ಲಿ, ಬೆಳಕು ಹೆಚ್ಚುಕಮ್ಮಿ ಮಾಡೋ ಡಿಮ್ಮರ್ ಆಗ್ಲಿ ಎಲ್ಲಾ ಅದೇ ಅಳತೆಯ ಒಂದೋ ನಾಲ್ಕೋ ಪಾಲು, ಯಾವ ಕಂಪನಿದಾದ್ರೂ ಟಕ್ ಅಂತ ಕೂರುತ್ತೆ. ಬಿಸಿಯಾಗೋ ಡಿಮ್ಮರ್ ಪಕ್ಕ ಗಾಳಿ ಆಡೋಕೆ ಜಾಗ ಬಿಟ್ಟ, ಕೊನೇ ಸಾಲು ಪೂರ್ತಿ ಖಾಲಿ ಬಿಟ್ಟ. ಇದೇನು ಹೀಗೆ ಅಂದ್ರೆ, ಮುಂದೆ ಕಾರು ಚಾರ್ಜು ಸೋಲಾರು ಅಂತ ನೀವೇ ಕರೀತೀರಲ್ಲ ಅಂದ. ರೌಟರ್ ಮಾತ್ರ ಹೊರಗಿಟ್ಟ, ತಗಡಿನ ಬಾಗಿಲ ಹಿಂದೆ ವೈಫೈ ಸತ್ತುಹೋಗುತ್ತೆ ಅಂತ.

ನಮ್ಮಲ್ಲಿ? ಟೈಲ್ಸು, ಗ್ರಾನೈಟು, ಹೆಬ್ಬಾಗಿಲ ಕೆತ್ತನೆ ಎಲ್ಲಾ ಮುಗಿದ ಮೇಲೆ ಈ ಸಾಮಾನಿಗೆ ಜಾಗ ಹುಡುಕ್ತೀವಿ. ಸೀಲಿಂಗ್ ಮೇಲೆ ಅಟ್ಟಕ್ಕೆ ಸೌತೆಕಾಯಿ ಕಟ್ಟಿದ ಹಾಗೆ ರಿಲೇಗಳು ಟೇಪ್ ಸುತ್ತಿಕೊಂಡು ನೇತಾಡ್ತಿರ್ತವೆ, ಇಲಿ ಹಲ್ಲಿ ಇರುವೆ ಎಲ್ಲಕ್ಕೂ ಅದೇ ಮನೆ. ಆಷಾಢದ ಮಳೇಲಿ ಒಂದು ಸುಟ್ಟೋದ್ರೆ ಯಾವ ಪಿಒಪಿ ಸೀಲಿಂಗ್ ಒಡೀತೀರಿ ಮಾರಾಯ್ರೆ? ಶಿವಮೊಗ್ಗದ ಯಾವ ಎಲೆಕ್ಟ್ರಿಕಲ್ ಅಂಗಡೀಲಿ ಎಂಸಿಬಿ ಬಾಕ್ಸ್ ಕೇಳಿದ್ರೂ ಒಳಗಿರೋದು ಇದೇ 35 ಮಿಲಿಮೀಟರ್ ರೈಲೇ, ಎಂಟು ಎಂಸಿಬಿ ಹಿಡಿಯೋ ಬಾಕ್ಸ್ ಬದ್ಲು ದೊಡ್ಡದು ತಗೊಳ್ಳೋಕೆ ಜರ್ಮನಿಗೆ ಬರ್ಬೇಕಾಗಿಲ್ಲ. ಅಜ್ಜನ ಕಾಲದಲ್ಲಿ ಮೀಟರ್ ಬೋರ್ಡು ಜಗಲಿ ಮೇಲೇ ಇರ್ತಿತ್ತು, ಮರದ ಹಲಗೆ, ಪಿಂಗಾಣಿ ಫ್ಯೂಸು, ಗೋಡೆ ತುಂಬಾ ಮರದ ಪಟ್ಟಿ ಮೇಲೆ ವೈರು. ಬಂದ ನೆಂಟರೆಲ್ಲ ನೋಡ್ತಿದ್ರು, ಯಾರ ಮಾನವೂ ಹೋಗ್ಲಿಲ್ಲ. ಈ ಮುಚ್ಚಿಡೋ ಚಾಳಿ ಯಾವಾಗ ಬಂತೋ.

ಇಷ್ಟೆಲ್ಲ ಭಾವಂಗೆ ಹೇಳಿದೆ. ಅವರು ಸುಮ್ನೆ ಕೇಳ್ಕೊಂಡು ಒಂದೇ ಮಾತು ಅಂದ್ರು, "ಪೆಟ್ಟಿಗೆ ಇರೋ ನಿಮ್ಮ ನೆಲಮಾಳಿಗೆಗೆ ಹೀಟರ್ ಇದೆ, ನಮ್ಮ ಗೋಡೆಗೆ ಆಗುಂಬೆ ಮಳೆ ಇದೆ." ಅದು ಹೌದು. ಜಂಬಿಟ್ಟಿಗೆ ಗೋಡೆ ಕೊರೆದು ತಗಡಿನ ಬಾಕ್ಸ್ ಹೂತರೆ ಎರಡು ಮಳೆಗಾಲಕ್ಕೆ ತುಕ್ಕು. ಆಮೇಲೆ ಆ ಹುಡುಗನ್ನೇ ಕೇಳಿದ್ರೆ, ತೋಟದ ಪಂಪ್‌ಸೆಟ್ಟಿಗೆ ಅವ್ನು ಮಾಡಿರೋದು ಸರಿಯಾಗೇ ಇದೆ: ಗೋಡೆಯಿಂದ ಬೆರಳಷ್ಟು ಬಿಟ್ಟು ಧೂಳು ನೀರು ಒಳಗೆ ಹೋಗದ ಐಪಿ65 ಪ್ಲಾಸ್ಟಿಕ್ ಬಾಕ್ಸ್, ವೈರೆಲ್ಲ ಕೆಳಗಡೆಯಿಂದ, ತೂತಿಗೆ ಬಿಗಿ ಬಿರಡೆ ಥರದ ಗ್ಲ್ಯಾಂಡ್ ಹಾಕಿ, ಸಿಡಿಲಿಗೆ ವೋಲ್ಟೇಜ್ ಏರಿದ್ರೆ ತಡೆಯೋ ಎಸ್‌ಪಿಡಿ ಬೇರೆ. ಪಂಪಿಗೆ ಇಷ್ಟು ಗೊತ್ತಿರೋನು ಮನೆಗ್ಯಾಕೆ ಸೀಲಿಂಗ್ ಹತ್ತಿಸ್ತಾನೆ ಅಂದ್ರೆ, ಮನೆಯವ್ರು ಕೇಳೋದೇ ಹಾಗೆ ಅಣ್ಣ ಅಂತಾನೆ. ಇನ್ನೊಂದು, ಇಲ್ಲಿ ಜರ್ಮನೀಲಿ ಎಲೆಕ್ಟ್ರಿಷಿಯನ್ ಸಿಗ್ಬೇಕು ಅಂದ್ರೆ ವಾರಗಟ್ಲೆ ಕಾಯ್ಬೇಕು, ಆ ಹುಡುಗನಿಗೆ ಫೋನ್ ಮಾಡಿದ್ರೆ ಮಳೇಲೂ ಸಂಜೆಯೊಳಗೆ ಬೈಕಲ್ಲಿ ಬರ್ತಾನೆ. ಒಪ್ಪಿಕೊಳ್ಳೋಕೆ ಕಷ್ಟ ಆದ್ರೂ ಒಪ್ಪಿದೆ.

ಕೊನೆಗೆ ಮಳೆ ಹೊಡೆಯದ ಒಳಗೋಡೆ, ಮೆಟ್ಟಿಲ ಪಕ್ಕ, ಹಲಗೆ ಮೇಲೆ ಪ್ಲಾಸ್ಟಿಕ್ ಬಾಕ್ಸ್ ಅಂತಾಗಿದೆ, ಎರಡು ಸಾಲು ಖಾಲಿ. ಅಕ್ಕ ಅದರ ಬಾಗಿಲಿಗೆ ಕ್ಯಾಲೆಂಡರ್ ತೂಗುಹಾಕ್ತೀನಿ ಅಂದಿದಾಳೆ. ಹಾಕ್ಲಿ, ಮೊಳೆ ಹೊಡೀದಿದ್ರೆ ಸಾಕು.