ಶ್ರುತಿ ಯಾರ ಅಂಕೆಯಲ್ಲಿ?

ಧಾರವಾಡದಲ್ಲಿ ಹಾಡು ಕಲಿಯಲು ಕುಳಿತ ಮೊದಲ ದಿನ, ನನ್ನ ದನಿ ಎಲ್ಲಿ ನಿಲ್ಲುತ್ತದೆಂದು ಗುರುಗಳು ಕೇಳಿ ನೋಡಿ, ತಂಬೂರಿಯನ್ನು ಅದಕ್ಕೆ ಹೊಂದಿಸಿದ್ದರು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಒಬ್ಬರ ಶ್ರುತಿ ಕರಿ ಒಂದು, ಇನ್ನೊಬ್ಬರದು ಬಿಳಿ ನಾಲ್ಕು. ಷಡ್ಜ, ಅಂದರೆ ಆಧಾರಸ್ವರವಾದ ‘ಸ’, ಹಾಡುವವನ ಕಂಠಕ್ಕೆ ಸೇರಿದ್ದು ಎಂಬುದನ್ನು ನಾನು ಎಂದೂ ಪ್ರಶ್ನಿಸಿರಲಿಲ್ಲ. ಶಾಂಘೈಗೆ ಬಂದು ನೆಲೆಸಿ, ಇಲ್ಲಿಯ ಹಳೆಯ ಸಂಗೀತದ ಬಗ್ಗೆ ಓದತೊಡಗಿದ ಮೇಲೆ, ಮೂಲ ಶ್ರುತಿಯೇ ರಾಜ್ಯಾಡಳಿತದ ಸಂಗತಿಯಾಗಿದ್ದ ಒಂದು ಪರಂಪರೆ ಪರಿಚಯವಾಯಿತು.

ಆ ಮೂಲಸ್ವರದ ಹೆಸರು ಹುವಾಂಗ್‌ಝೋಂಗ್, ಅಂದರೆ ಹಳದಿ ಗಂಟೆ. ಹಾನ್ ವಂಶದ ಇತಿಹಾಸಗ್ರಂಥದ ಪ್ರಕಾರ ಆ ಸ್ವರ ಹೊರಡಿಸುವ ಕೊಳವೆಯ ಉದ್ದ ಸಾಲಾಗಿಟ್ಟ 90 ಬರಗಿನ ಕಾಳುಗಳಷ್ಟು, ಅದರೊಳಗೆ ಹಿಡಿಯುವುದು 1,200 ಕಾಳು. ಅಳತೆಗೋಲು, ಕೊಳಗ, ತೂಕ ಮೂರಕ್ಕೂ ಅದೇ ಆಧಾರ. ಧಾನ್ಯ ಅಳೆಯುವ ಕೊಳಗವೂ ಆಸ್ಥಾನದ ಸ್ವರವೂ ಒಂದೇ ಕೊಳವೆಯಿಂದ ಹುಟ್ಟಿದವೆಂದು ನಂಬಿದವರಿಗೆ ಶ್ರುತಿ ತಪ್ಪುವುದು ಬರೀ ಸಂಗೀತಗಾರನ ಚಿಂತೆಯಾಗಿ ಉಳಿಯಲಿಲ್ಲ. ಹೊಸ ವಂಶಗಳು ಪಟ್ಟಕ್ಕೆ ಬಂದಾಗ ಅದನ್ನು ಮತ್ತೆ ನಿಗದಿಪಡಿಸುವ ವಾಗ್ವಾದಗಳು ಏಳುತ್ತಿದ್ದವು. ಕನ್‌ಫ್ಯೂಷಿಯಸ್‌ನ ಪರಂಪರೆ ನಡವಳಿಕೆಯ ವಿಧಿಗಳನ್ನೂ ಸಂಗೀತವನ್ನೂ ಜೋಡಿಯಾಗಿಯೇ ಹೇಳುತ್ತದೆ.

ಇದು ಗ್ರಂಥದ ಮಾತಷ್ಟೇ ಎಂಬ ನನ್ನ ಅನುಮಾನ ವುಹಾನ್‌ನ ವಸ್ತುಸಂಗ್ರಹಾಲಯದಲ್ಲಿ ಕರಗಿತು. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ತೀರಿಕೊಂಡ, ಝೆಂಗ್ ಎಂಬ ಸಣ್ಣ ರಾಜ್ಯದ ಒಡೆಯ ಯಿ ಎಂಬವನ ಗೋರಿಯಿಂದ 1978ರಲ್ಲಿ ಹೊರಬಂದ 65 ಕಂಚಿನ ಗಂಟೆಗಳು ಅಲ್ಲಿವೆ. ನಡುವೆ ಬಡಿದರೆ ಒಂದು ಸ್ವರ, ಪಕ್ಕಕ್ಕೆ ಬಡಿದರೆ ಇನ್ನೊಂದು. ಝೆಂಗ್‌ನ ಸ್ವರಗಳಿಗೆ ಚು ಮುಂತಾದ ರಾಜ್ಯಗಳಲ್ಲಿ ಯಾವ ಹೆಸರೆಂಬುದನ್ನು ಕೂಡ ಮೈಮೇಲೆ ಕೆತ್ತಿದ್ದಾರೆ. ಅದೇ ಗೋರಿಯಲ್ಲಿ ಒಡೆಯನ ಜೊತೆ 21 ಯುವತಿಯರನ್ನೂ ಹೂಳಿದ್ದರು. ಇಂಥ ವೈಭವದ ಭಾರವೆಲ್ಲ ಪ್ರಜೆಗಳ ಅನ್ನ, ಬಟ್ಟೆಯ ಮೇಲೆ ಬೀಳುತ್ತದೆಂದು ಸಂಗೀತವನ್ನೇ ಖಂಡಿಸಿದ ಪ್ರಾಚೀನ ಚೀನೀ ಚಿಂತಕ ಮೋಝಿಯ ವಾದ ನನಗೆ ಮೊದಲು ಒಣ ಹಟದಂತೆ ಕಂಡಿತ್ತು; ಈಗ ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ.

ತಾಳಮಾನ ಅರಿಯೆ, ಒಲಿದಂತೆ ಹಾಡುತ್ತೇನೆಂದ ಬಸವಣ್ಣನ ನಾಡಿನವನಾದ ನಾನು ಇದನ್ನೆಲ್ಲ ಬಿಗಿಯಾದ ಕಟ್ಟುಪಾಡೆಂದು ತೀರ್ಮಾನಿಸುವುದರಲ್ಲಿದ್ದೆ. ಆ ಅವಸರಕ್ಕೆ ತಡೆಯಾದದ್ದು ಗುಚಿನ್ ಎಂಬ ಏಳು ತಂತಿಯ ವಾದ್ಯ. ಚದುರಂಗದಂಥ ಆಟ, ಅಕ್ಷರಕಲೆ, ಚಿತ್ರಕಲೆಗಳ ಜೊತೆ ವಿದ್ವಾಂಸನಾದವನಿಗೆ ಬರಬೇಕಾದ ವಿದ್ಯೆಯಿದು. ದನಿ ಎಷ್ಟು ಮೆಲ್ಲಗೆಂದರೆ ತನಗಾಗಿ ಅಥವಾ ಒಬ್ಬಿಬ್ಬರು ಗೆಳೆಯರಿಗಾಗಿ ನುಡಿಸಿಕೊಳ್ಳಲೆಂದೇ ಮಾಡಿದಂತಿದೆ. ಅದರ ಹಳೆಯ ಸ್ವರಲಿಪಿ ಯಾವ ತಂತಿ, ಯಾವ ಬೆರಳು, ಮೀಟುವುದು ಒಳಕ್ಕೋ ಹೊರಕ್ಕೋ ಎಂದು ಕರಾರುವಾಕ್ಕಾಗಿ ಹೇಳುತ್ತದೆ, ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂದು ಮಾತ್ರ ಹೇಳುವುದಿಲ್ಲ. ಶ್ರುತಿಯನ್ನು ಅರಮನೆಗೆ ಒಪ್ಪಿಸಿದ ಸಂಸ್ಕೃತಿಯೇ ಕಾಲವನ್ನು ನುಡಿಸುವವನಿಗೆ ಬಿಟ್ಟುಕೊಟ್ಟಿದೆ. ನಮ್ಮ ಬೈಠಕ್ಕಿನಲ್ಲಿ ಶ್ರುತಿ ನನ್ನದು ನಿಜ, ಆದರೆ ತಾಳ ತಬಲೆಯವರ ಕೈಯಲ್ಲಿದೆ, ಎದುರು ಕುಳಿತವರ ತೊಡೆಯ ಮೇಲೂ ಇದೆ.

ಹೋದ ಚಳಿಗಾಲದಲ್ಲಿ ಇಲ್ಲಿಯ ಚಹಾ ಕೋಣೆಯೊಂದರಲ್ಲಿ ಆರು ಮಂದಿ ಗುಚಿನ್ ಕೇಳುತ್ತ ಕುಳಿತಿದ್ದಾಗ, ನನ್ನ ಕೈ ತಾನಾಗಿ ತೊಡೆಯ ಮೇಲೆ ತಾಳ ಹುಡುಕತೊಡಗಿತ್ತು. ಪಕ್ಕದ ಹಿರಿಯರು ಅದನ್ನೊಮ್ಮೆ ನೋಡಿ, ಏನೂ ಅನ್ನದೆ ನನ್ನ ಬಟ್ಟಲಿಗೆ ಚಹಾ ಬಗ್ಗಿಸಿದರು.